ಬಟ್ಟಲು ಖಾಲಿ ಮರಳಬಾರದು: ಅಂಗಡಿ ಕೇಕಿನ ಟ್ರಫಲ್ ಉಂಡೆಯ ಚರಿತ್ರೆ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಬೇಲಿಯಾಚೆಯಿಂದ ನಮ್ಮ ಮನೆಗೆ ಒಂದು ಬಟ್ಟಲು ಬರುತ್ತದೆ. ಮೇಲೆ ಬಿಳಿ ಬಟ್ಟೆ, ಒಳಗೆ ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ, ಎಳ್ಳುಂಡೆ, ಬದಿಯಲ್ಲಿ ಕಾಗದ ಸುತ್ತಿದ ಒಂದು ತುಂಡು ಕೇಕು. ನೆರೆಮನೆಯ ಬಾಯಮ್ಮ ಆ ಕೇಕನ್ನು ತೋರಿಸಿ ಪ್ರತಿ ವರ್ಷವೂ ಅದೇ ಮಾತು ಹೇಳುತ್ತಾರೆ: "ಇದಕ್ಕೆ ರಮ್ ಹಾಕಿದ್ದಿಲ್ಲ. ದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸಿದ್ದು. ನಿಮಗೆ ಅಂತಲೇ ಬೇರೆ ಮಾಡಿದ್ದು." ಮಂಜೇಶ್ವರದಿಂದ ಉಡುಪಿಯವರೆಗೆ ಎಷ್ಟೋ ಬ್ಯಾರಿ ಮನೆಗಳಿಗೆ ಈ ಬಟ್ಟಲಿನ ಪರಿಚಯ ಇದ್ದೇ ಇರುತ್ತದೆ.

ನಮ್ಮ ಉಮ್ಮನಿಗೆ ಒಂದು ನಿಯಮ ಉಂಟು. ಬಂದ ಬಟ್ಟಲು ಖಾಲಿ ಮರಳಬಾರದು. ಪೆರ್ನಾಲ್ ಹತ್ತಿರ ಇದ್ದರೆ ಚಿಂತೆಯಿಲ್ಲ, ಬಿರಿಯಾನಿಯೋ ನೈಚೋರೋ ಹೋಗುತ್ತದೆ. ಆದರೆ ಡಿಸೆಂಬರಿನಲ್ಲಿ ನಮಗೆ ಹಬ್ಬ ಇಲ್ಲದ ವರ್ಷಗಳೇ ಹೆಚ್ಚು. ಆಗೆಲ್ಲ ಉಮ್ಮ ಒಂದು ಚಿಪ್ಪು ಬಾಳೆಹಣ್ಣನ್ನೋ ಸ್ವಲ್ಪ ಸಕ್ಕರೆಯನ್ನೋ ಹಾಕಿ ಕಳಿಸುತ್ತಿದ್ದರು. ಕಳೆದ ವರ್ಷ ಎಂಟನೇ ಕ್ಲಾಸಿನ ನನ್ನ ಮಗಳು, "ಈ ಸಲ ನಾನು ಮಾಡುತ್ತೇನೆ" ಎಂದಳು. ಮನೆಯಲ್ಲಿ ಓವನ್ ಇಲ್ಲ. ಅಂಗಡಿಯಿಂದ ಪ್ಯಾಕೆಟ್ ಕೇಕು ತಂದಳು, ಕೈಯಿಂದ ಪುಡಿ ಮಾಡಿದಳು, ಉಂಡೆ ಕಟ್ಟಿದಳು, ಕರಗಿಸಿದ ಚಾಕ್ಲೇಟಿನಲ್ಲಿ ಅದ್ದಿ ಫ್ರಿಡ್ಜಿಗಿಟ್ಟಳು. ಸಂಜೆಗೆ ನೋಡಿದರೆ ಪೇಟೆಯ ಗಾಜಿನ ಕಪಾಟಿನಲ್ಲಿಡುವಂಥ ಇಪ್ಪತ್ತೈದು ಉಂಡೆಗಳು.

ಉಮ್ಮ ಒಂದನ್ನು ಕೈಯಲ್ಲಿ ಹಿಡಿದು ಎರಡು ಪ್ರಶ್ನೆ ಕೇಳಿದರು. "ಇದು ನೀನು ಮಾಡಿದ್ದಾ, ಅಂಗಡಿಯದ್ದಾ?" ಆಮೇಲೆ, "ಇದರೊಳಗೆ ಎಂತೆಲ್ಲ ಉಂಟು?"

ಮಗಳಿಗೆ ಎರಡಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಈ ಸಣ್ಣ ಉಂಡೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆಯೆಂದು ತಿಳಿಯಿತು. ಅದರ ಒಂದು ತುದಿ ಯುರೋಪಿನ ಬೇಕರಿಗಳಲ್ಲಿದೆ, ಮತ್ತೊಂದು ಅಮೆರಿಕದ ಕಾರ್ಖಾನೆಗಳಲ್ಲಿ, ಇನ್ನೊಂದು ನಮ್ಮದೇ ಅಡಿಕೆ ತೋಟಗಳ ನೆರಳಿನಲ್ಲಿ.

ಎರಡು ಬೇರೆ ಬೇರೆ ಕುಲಗಳು

ಟ್ರಫಲ್ ಎಂಬುದು ಮೊದಲು ಸಿಹಿಯ ಹೆಸರಲ್ಲ. ಫ್ರಾನ್ಸ್, ಇಟಲಿಯ ಕಾಡುಗಳಲ್ಲಿ ಮರದ ಬೇರುಗಳ ಬಳಿ ಮಣ್ಣಿನೊಳಗೆ ಬೆಳೆಯುವ, ಬಹಳ ದುಬಾರಿಯಾದ ಒಂದು ಅಣಬೆಯ ಹೆಸರು. ಚಾಕ್ಲೇಟ್ ಮತ್ತು ಹಾಲಿನ ಕೆನೆಯನ್ನು ಕೂಡಿಸಿ ಮಾಡಿದ ಪಾಕಕ್ಕೆ ಗನಾಶ್ ಎನ್ನುತ್ತಾರೆ. ಅದನ್ನು ಉಂಡೆ ಕಟ್ಟಿ ಕೋಕೋ ಪುಡಿಯಲ್ಲಿ ಹೊರಳಿಸಿದಾಗ ಮಣ್ಣು ಮೆತ್ತಿದ ಆ ಅಣಬೆಯ ಹಾಗೆಯೇ ಕಾಣುತ್ತದೆ. ಹೆಸರು ಬಂದದ್ದು ಹಾಗೆ. ಫ್ರಾನ್ಸಿನ ಶಾಂಬೇರಿ ಪಟ್ಟಣದಲ್ಲಿ 1895ರ ಡಿಸೆಂಬರಿನಲ್ಲಿ ಲೂಯಿ ದ್ಯುಫೂರ್ ಎಂಬ ಮಿಠಾಯಿಗಾರ ಇದನ್ನು ಮೊದಲು ಮಾಡಿದ ಎಂಬ ಕಥೆ ಪ್ರಚಾರದಲ್ಲಿದೆ. 1902ರಲ್ಲಿ ಆಂಟ್ವಾನ್ ದ್ಯುಫೂರ್ ಲಂಡನ್ನಿನಲ್ಲಿ ಪ್ರೆಸ್ಟಾಟ್ ಎಂಬ ಚಾಕ್ಲೇಟ್ ಅಂಗಡಿ ತೆರೆದ ಮೇಲೆ ಟ್ರಫಲ್ ಇಂಗ್ಲಿಷರ ಬಾಯಿಗೂ ಬಿತ್ತು. ಇದು ಹಣವಂತರ ಸಿಹಿ. ಕೆನೆ ಬೇಕು, ಒಳ್ಳೆಯ ಚಾಕ್ಲೇಟ್ ಬೇಕು, ತಂಪು ಹವೆ ಬೇಕು.

ಕೇಕಿನ ಪುಡಿಯ ಉಂಡೆ ಈ ಕುಲದ್ದಲ್ಲ. ಅದರದ್ದು ಬಡ ಕುಲ. ಯಾವ ಬೇಕರಿಯಲ್ಲಾದರೂ ದಿನದ ಕೊನೆಗೆ ಕೇಕಿನ ಅಂಚುಗಳು, ಮುರಿದ ತುಂಡುಗಳು, ಮಾರಾಟವಾಗದ ನಿನ್ನೆಯ ಸರಕು ಉಳಿಯುತ್ತದೆ. ಹಿಟ್ಟು, ಮೊಟ್ಟೆ, ಬೆಣ್ಣೆ, ಸಕ್ಕರೆ ಎಲ್ಲಕ್ಕೂ ಹಣ ಕೊಟ್ಟಾಗಿದೆ, ಬೇಯಿಸಿಯೂ ಆಗಿದೆ. ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ಡೆನ್ಮಾರ್ಕಿನ ಬೇಕರಿಯವರು ಹೀಗೆ ಉಳಿದ ಕೇಕನ್ನು ಅರೆದು, ಕೋಕೋ ಮತ್ತು ರಮ್ ಪರಿಮಳ ಸೇರಿಸಿ ಉಂಡೆ ಕಟ್ಟಿದರು. ಅದರ ಹೆಸರು ರೋಮ್‌ಕೂಗ್ಲೆ, ಎಂದರೆ ರಮ್ ಉಂಡೆ. ರಷ್ಯದಲ್ಲಿ ಕೇಕಿನ ಪುಡಿಗೋ ಬಿಸ್ಕತ್ತಿನ ಪುಡಿಗೋ ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್, ಕೋಕೋ ಸೇರಿಸಿ ಉದ್ದುದ್ದ ಉಂಡೆ ಮಾಡಿ ಅದಕ್ಕೆ ಕರ್ತೋಷ್ಕ ಎಂದು ಹೆಸರಿಟ್ಟರು. ಕರ್ತೋಷ್ಕ ಎಂದರೆ ಬಟಾಟೆ! ಸೋವಿಯತ್ ಕಾಲದ ಕ್ಯಾಂಟೀನುಗಳಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ತಿಂಡಿ. ಫ್ರೆಂಚರು ದುಬಾರಿ ಅಣಬೆಯ ಹೆಸರಿಟ್ಟರು, ರಷ್ಯನ್ನರು ಬಟಾಟೆಯ ಹೆಸರಿಟ್ಟರು. ಎರಡು ಕುಲಗಳ ವ್ಯತ್ಯಾಸ ಈ ಹೆಸರುಗಳಲ್ಲೇ ಇದೆ.

ಇಲ್ಲಿ ರಮ್ ಯಾಕೆ ಬಂತು ಎಂಬುದನ್ನೂ ತಿಳಿದುಕೊಳ್ಳಬೇಕು. ಕೇಕು ಹಳತಾದಾಗ ಅದರಲ್ಲಿರುವ ಪಿಷ್ಟ ಗಟ್ಟಿಯಾಗುತ್ತದೆ, ಬಾಯಿಗೆ ಒಣ ಅನಿಸುತ್ತದೆ. ಅದನ್ನು ಮತ್ತೆ ಮೆದು ಮಾಡಲು ಏನಾದರೂ ದ್ರವ ಬೇಕು. ಹಳಸಲು ವಾಸನೆ ಮುಚ್ಚಲು ಜೋರಾದ ಪರಿಮಳ ಬೇಕು. ಫ್ರಿಡ್ಜ್ ಇಲ್ಲದ ಕಾಲದಲ್ಲಿ ಬೇಗ ಕೆಡದಂತೆ ಏನಾದರೂ ಬೇಕು. ಮದ್ಯ ಈ ಮೂರನ್ನೂ ಮಾಡುತ್ತಿತ್ತು. ಹಾಗಾಗಿ ರಮ್ ಈ ತಿಂಡಿಯ ಜೀವ ಏನಲ್ಲ, ಆ ಕಾಲದ ಅಗತ್ಯ. ಮೆದು ಮಾಡಲು ಹಾಲೋ ಹಣ್ಣಿನ ರಸವೋ ಇದ್ದರೆ, ಪರಿಮಳಕ್ಕೆ ಏಲಕ್ಕಿ ಇದ್ದರೆ, ಕೆಡದಂತೆ ಇಡಲು ಫ್ರಿಡ್ಜ್ ಇದ್ದರೆ ಅದರ ಕೆಲಸ ಮುಗಿಯಿತು. ನಮ್ಮ ಬಾಯಮ್ಮ ಕಿತ್ತಳೆ ರಸದಿಂದ ಮಾಡುವುದೂ ಅದನ್ನೇ.

ಐದು ಸೆಂಟಿನ ಕೇಕು

ಈಗ ಕಥೆ ಅಮೆರಿಕಕ್ಕೆ ಹೋಗುತ್ತದೆ. ಪ್ಯಾಕೆಟಿನಲ್ಲಿ ಸಿಗುವ ಸಣ್ಣ ಕೇಕು, ಅಂದರೆ ಅವರ ಭಾಷೆಯ ಸ್ನ್ಯಾಕ್ ಕೇಕ್, ಅಲ್ಲಿ ಮನೆಮಾತಾದದ್ದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ.

1930ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾಂಟಿನೆಂಟಲ್ ಬೇಕಿಂಗ್ ಕಂಪನಿಯ ಜೇಮ್ಸ್ ಡೀವರ್ ಎಂಬವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಸ್ಟ್ರಾಬೆರಿ ತುಂಬುವ ಉದ್ದನೆಯ ಕೇಕಿನ ಅಚ್ಚುಗಳು ಸ್ಟ್ರಾಬೆರಿ ಕಾಲ ಮುಗಿದ ಮೇಲೆ ವರ್ಷದ ಉಳಿದ ತಿಂಗಳುಗಳೆಲ್ಲ ಸುಮ್ಮನೆ ಬಿದ್ದಿರುತ್ತಿದ್ದವು. ಅದೇ ಅಚ್ಚಿನಲ್ಲಿ ಬೇಯಿಸಿದ ಕೇಕಿಗೆ ಬಾಳೆಹಣ್ಣಿನ ಕ್ರೀಮ್ ತುಂಬಿ ಎರಡಕ್ಕೆ ಐದು ಸೆಂಟಿನಂತೆ ಮಾರಿದರು. ಅದೇ ಟ್ವಿಂಕಿ. ಎರಡನೇ ಮಹಾಯುದ್ಧದಲ್ಲಿ ಬಾಳೆಹಣ್ಣು ಸಿಗದಾದಾಗ ಕ್ರೀಮ್ ವೆನಿಲ್ಲಾಕ್ಕೆ ಬದಲಾಯಿತು. ಯುದ್ಧ ಮುಗಿದರೂ ವೆನಿಲ್ಲಾವೇ ಉಳಿಯಿತು.

ಅದೇ ದಶಕದಲ್ಲಿ ಟೆನೆಸಿ ರಾಜ್ಯದ ಚಾಟನೂಗದಲ್ಲಿ ಓ. ಡಿ. ಮೆಕೀ ಎಂಬವರು ತಮ್ಮ ಕಾರಿನಲ್ಲಿ ಕೇಕು ತುಂಬಿಕೊಂಡು ಊರೂರು ತಿರುಗಿ ಒಂದಕ್ಕೆ ಐದು ಸೆಂಟಿನಂತೆ ಮಾರುತ್ತಿದ್ದರು. 1934ರಲ್ಲಿ ಅವರೂ ಹೆಂಡತಿ ರೂತ್ ಅವರೂ ಸೇರಿ ಒಂದು ಸಣ್ಣ ಬೇಕರಿ ಕೊಂಡರು. ತಲೆಹೊರೆ, ಸೈಕಲ್, ಓಮ್ನಿ ಎಂದು ವ್ಯಾಪಾರ ಮಾಡಿಯೇ ಬೆಳೆದ ಮನೆತನಗಳ ನಮಗೆ ಈ ಕಥೆ ಹೊಸದೆನಿಸುವುದಿಲ್ಲ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ ಬ್ಯಾರದಿಂದ ಬಂದದ್ದು ಎನ್ನುತ್ತಾರಲ್ಲ.

1960ರಲ್ಲಿ ಮೆಕೀ ಕುಟುಂಬ ಒಂದು ಹೊಸ ಕೆಲಸ ಮಾಡಿತು. ಬಿಡಿ ಕೇಕಿನ ಬದಲು ಹನ್ನೆರಡು ಕೇಕುಗಳ ಒಂದು ಪೆಟ್ಟಿಗೆ ಮಾಡಿ 49 ಸೆಂಟಿಗೆ ಮಾರಿತು. ಪೆಟ್ಟಿಗೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಡೆಬ್ಬಿಯ ಚಿತ್ರ ಹಾಕಿ ಲಿಟಲ್ ಡೆಬ್ಬಿ ಎಂದು ಹೆಸರಿಟ್ಟರು. ಪೆಟ್ಟಿಗೆ ಅಚ್ಚಾಗುವವರೆಗೆ ಮಗುವಿನ ತಂದೆತಾಯಿಗೇ ವಿಷಯ ತಿಳಿದಿರಲಿಲ್ಲವಂತೆ. ಈ ಪೆಟ್ಟಿಗೆಯಿಂದ ಆದ ಬದಲಾವಣೆ ದೊಡ್ಡದು. ಬಿಡಿ ಕೇಕು ದಾರಿಯಲ್ಲಿ ತಿನ್ನುವ ವಸ್ತು, ಪೆಟ್ಟಿಗೆ ಮನೆಯ ಅಡುಗೆಕೋಣೆಗೆ ಬರುವ ದಿನಸಿ. ಒಂದು ಸಲ ಅಡುಗೆಕೋಣೆಗೆ ಬಂದರೆ ಅದರಿಂದ ಬೇರೆ ಏನಾದರೂ ಮಾಡಬಹುದೇ ಎಂದು ಯಾರಾದರೂ ಯೋಚಿಸಿಯೇ ಯೋಚಿಸುತ್ತಾರೆ.

1985ರಲ್ಲಿ ಅದೇ ಕಂಪನಿ ಕ್ರಿಸ್ಮಸ್ ಮರದ ಆಕಾರದ ಕೇಕು ತಂದಿತು. ಬಿಳಿ ಐಸಿಂಗ್, ಕೆಂಪು ಗೆರೆ, ಹಸಿರು ಸಕ್ಕರೆ, ನಡುವೆ ಕ್ರೀಮ್. ವರ್ಷಕ್ಕೊಮ್ಮೆ ಮಾತ್ರ ಬರುವ ಈ ಕೇಕಿಗೆ ಅಮೆರಿಕದ ಮಕ್ಕಳು ಕಾಯುತ್ತಾರೆ. ಇಂದು ಅಲ್ಲಿ ಹಬ್ಬದ ಟ್ರಫಲ್ ಮಾಡಲು ಬಹಳ ಮಂದಿ ಹಿಡಿಯುವುದು ಇದನ್ನೇ.

ಓವನ್ ಇಲ್ಲದ ಅಡುಗೆ

ಕೇಕು ಸಿದ್ಧವಾಯಿತು. ಅದನ್ನು ಬೇಯಿಸದೆ ಇನ್ನೊಂದು ಸಿಹಿ ಮಾಡುವ ಅಭ್ಯಾಸ ಎಲ್ಲಿಂದ ಬಂತು? ಅದಕ್ಕೆ ಎರಡು ವಸ್ತು ಕಾರಣ. ಒಂದು ಕಂಡೆನ್ಸ್ಡ್ ಮಿಲ್ಕ್, ಇನ್ನೊಂದು ಫ್ರಿಡ್ಜ್.

ಕಂಡೆನ್ಸ್ಡ್ ಮಿಲ್ಕಿಗಾಗಿ ಹಾಲನ್ನು ಬತ್ತಿಸುವ ವಿಧಾನಕ್ಕೆ ಗೇಲ್ ಬೋರ್ಡನ್ ಎಂಬ ಅಮೆರಿಕನ್ನನಿಗೆ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ಹಾಲು ಒಡೆಯದೆ ತಿಂಗಳುಗಟ್ಟಲೆ ಉಳಿಯಲಿ ಎಂಬುದು ಅದರ ಉದ್ದೇಶ. ಆದರೆ ದಪ್ಪ, ಅಂಟು, ಸಿಹಿ ಮೂರೂ ಒಟ್ಟಿಗೆ ಇದ್ದುದರಿಂದ ಉಂಡೆ ಕಟ್ಟಲು ಅದಕ್ಕಿಂತ ಒಳ್ಳೆಯ ಅಂಟು ಸಿಗಲಿಲ್ಲ. 1945ರ ಬ್ರೆಜಿಲ್ ಚುನಾವಣೆಯಲ್ಲಿ ವಾಯುಪಡೆಯ ಬ್ರಿಗೇಡಿಯರ್ ಎದ್ವಾರ್ದು ಗೋಮಿಸ್ ಅಧ್ಯಕ್ಷ ಹುದ್ದೆಗೆ ನಿಂತಿದ್ದರು. ಕಂಡೆನ್ಸ್ಡ್ ಮಿಲ್ಕ್ ಮತ್ತು ಕೋಕೋ ಕಾಯಿಸಿ ಮಾಡಿದ ಉಂಡೆಗಳನ್ನು ಅವರ ಬೆಂಬಲಿಗ ಹೆಂಗಸರು ಮಾರಿ ಪ್ರಚಾರಕ್ಕೆ ಹಣ ಕೂಡಿಸಿದರು ಎಂದು ಹೇಳುತ್ತಾರೆ. ಗೋಮಿಸ್ ಸೋತರು, ಅವರ ಹುದ್ದೆಯ ಹೆಸರು ಹೊತ್ತ ಬ್ರಿಗಡೇರು ಉಂಡೆ ಗೆದ್ದಿತು. ಬ್ರೆಜಿಲಿನಲ್ಲಿ ಇಂದು ಅದಿಲ್ಲದೆ ಮಕ್ಕಳ ಹುಟ್ಟುಹಬ್ಬ ಇಲ್ಲ.

ಇನ್ನು ಫ್ರಿಡ್ಜ್. ಅಮೆರಿಕದ ಮನೆಗಳಿಗೆ ಅದು ಬರತೊಡಗಿದ್ದು 1920ರ ದಶಕದ ಕೊನೆಗೆ. ಅದಕ್ಕೂ ಮೊದಲು ಮಂಜುಗಡ್ಡೆ ಇಡುವ ಮರದ ಪೆಟ್ಟಿಗೆ ಇತ್ತು. 1924ರಲ್ಲಿ ನಬಿಸ್ಕೋ ಕಂಪನಿ ತೆಳ್ಳಗಿನ ಚಾಕ್ಲೇಟ್ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದಿತು. ಆ ಬಿಸ್ಕತ್ತುಗಳ ನಡುವೆ ಕೆನೆ ಹಚ್ಚಿ ಸಾಲಾಗಿ ಜೋಡಿಸಿ ರಾತ್ರಿಯಿಡೀ ತಂಪಿನಲ್ಲಿಟ್ಟರೆ ಬೆಳಗ್ಗೆ ಅದು ಕೇಕಿನಂತೆ ಮೆತ್ತಗಾಗುತ್ತಿತ್ತು. ಬಿಸ್ಕತ್ತು ಕೆನೆಯ ನೀರು ಹೀರುವುದೇ ಅದರ ಗುಟ್ಟು. ಹೀಗೆ ಕಾರ್ಖಾನೆಯಲ್ಲಿ ಬೆಂದದ್ದನ್ನು ಮನೆಯಲ್ಲಿ ಕೂಡಿಸುವುದೂ ಅಡುಗೆಯೇ ಎಂಬ ಭಾವನೆ ಬೆಳೆಯಿತು.

ಇದರ ಮುಂದಿನ ಹೆಜ್ಜೆ ನಮ್ಮ ಕಾಲದ್ದು. ಜಾರ್ಜಿಯಾ ರಾಜ್ಯದ ಆಂಜಿ ಡಡ್ಲಿ ಎಂಬವರು ಬೇಕರೆಲ್ಲ ಎಂಬ ಹೆಸರಿನಲ್ಲಿ 2008ರ ಹೊತ್ತಿಗೆ ಕೇಕು ಪುಡಿಗೆ ಕ್ರೀಮ್ ಕಲಸಿ, ಉಂಡೆ ಕಟ್ಟಿ, ಕಡ್ಡಿಗೆ ಸಿಕ್ಕಿಸಿ, ಚಾಕ್ಲೇಟಿನಲ್ಲಿ ಅದ್ದುವುದನ್ನು ಜನಪ್ರಿಯ ಮಾಡಿದರು. ಕೇಕ್ ಪಾಪ್ ಎಂದು ಹೆಸರಾಯಿತು. 2011ರಲ್ಲಿ ಸ್ಟಾರ್‌ಬಕ್ಸ್ ಅಂಗಡಿಗಳಲ್ಲಿ ಅದು ಮಾರಾಟಕ್ಕೆ ಬಂತು. ಕೇಕು ಬೇಯಿಸಿ, ತಣಿಸಿ, ಪುಡಿ ಮಾಡಿ, ಕ್ರೀಮ್ ಕಡೆದು ಕಲಸುವುದು ಅರ್ಧ ದಿನದ ಕೆಲಸ. ಆಗ ಯಾರಿಗೋ ಹೊಳೆದಿರಬೇಕು: ಕೇಕೂ ಕ್ರೀಮೂ ಐಸಿಂಗೂ ಒಂದೇ ಪ್ಯಾಕೆಟಿನಲ್ಲಿ ಇರುವಾಗ ಇಷ್ಟೆಲ್ಲ ಯಾಕೆ? ಪ್ಯಾಕೆಟ್ ಒಡೆದು ಎಲ್ಲವನ್ನೂ ಒಟ್ಟಿಗೆ ನಾದಿದರೆ ಮುಗಿಯಿತು. ಕ್ರೀಮೇ ಅಂಟು, ಐಸಿಂಗೇ ಸಿಹಿ.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಈ ಉಂಡೆ ಹುಟ್ಟಿದ್ದು ಉಳಿದದ್ದನ್ನು ಉಳಿಸಲು. ಡೆನ್ಮಾರ್ಕಿನ ಬೇಕರಿಯವನು ಹಾಳಾಗುವುದನ್ನು ತಪ್ಪಿಸಲು ಕೇಕು ಪುಡಿ ಮಾಡಿದ. ನಾವೀಗ ಹೊಸ ಕೇಕನ್ನು ಹಣ ಕೊಟ್ಟು ತಂದು, ಪುಡಿ ಮಾಡಲೆಂದೇ ಪುಡಿ ಮಾಡುತ್ತೇವೆ. ಅನ್ನದ ಅಗುಳು ಬಿದ್ದರೂ ಹೆಕ್ಕಿ ತಿನ್ನಬೇಕು ಎಂದು ಕಲಿತ ನಮಗೆ ಇದು ಸ್ವಲ್ಪ ಚುಚ್ಚಬೇಕಾದ ವಿಷಯ. ಹಾಗಾಗಿ ಈ ತಿಂಡಿಯ ಚರಿತ್ರೆ ತಿಳಿದವರು ಮೊದಲು ನೋಡಬೇಕಾದದ್ದು ಅಂಗಡಿಯ ಕಪಾಟನ್ನಲ್ಲ, ಮನೆಯ ಡಬ್ಬಿಯನ್ನು. ಹುಟ್ಟುಹಬ್ಬದಲ್ಲಿ ಉಳಿದ ಅರ್ಧ ಕೇಕು, ಗಲ್ಫಿನಿಂದ ಬಂದ ಪೆಟ್ಟಿಗೆಯಲ್ಲಿ ಮುರಿದುಹೋದ ಬಿಸ್ಕತ್ತು, ಮಕ್ಕಳು ಅರ್ಧ ತಿಂದು ಬಿಟ್ಟ ಪ್ಯಾಕೆಟ್ ಇವೆಲ್ಲ ಸೇರಿದರೆ ಒಂದು ಬಟ್ಟಲು ಉಂಡೆ ಆಗುತ್ತದೆ.

ನಮ್ಮ ಕಡೆಯ ಕೊಂಡಿಗಳು

ಕೇಕು ನಮ್ಮ ಕರಾವಳಿಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. ತಲಶ್ಶೇರಿಯ ಮಂಬಳ್ಳಿ ಬಾಪು ಎಂಬವರು ಬರ್ಮಾಕ್ಕೆ ಹೋಗಿ ಬಿಸ್ಕತ್ತು ಮಾಡುವುದನ್ನು ಕಲಿತು ಬಂದು 1880ರಲ್ಲಿ ರಾಯಲ್ ಬಿಸ್ಕತ್ ಫ್ಯಾಕ್ಟರಿ ತೆರೆದರು. 1883ರಲ್ಲಿ ಅಂಜರಕಂಡಿಯ ದಾಲ್ಚಿನ್ನಿ ತೋಟದ ಬ್ರೌನ್ ಎಂಬ ದೊರೆ ಇಂಗ್ಲೆಂಡಿನ ಒಂದು ಕ್ರಿಸ್ಮಸ್ ಕೇಕು ತಂದುಕೊಟ್ಟು, "ಇಂಥದ್ದೇ ಮಾಡಿಕೊಡು" ಎಂದನಂತೆ. ಅದಕ್ಕೆ ಫ್ರೆಂಚ್ ಬ್ರಾಂಡಿ ಹಾಕಬೇಕೆಂದು ದೊರೆ ಹೇಳಿದ. ಬಾಪು ಅದರ ಬದಲು ಗೇರುಹಣ್ಣು ಮತ್ತು ಬಾಳೆಹಣ್ಣಿನಿಂದ ತೆಗೆದ ಊರಿನ ಮದ್ಯ ಹಾಕಿದರು ಎಂಬುದು ಅಲ್ಲಿಯವರು ಹೇಳಿಕೊಂಡು ಬಂದ ಕಥೆ. ಭಾರತದ ಮೊದಲ ಕ್ರಿಸ್ಮಸ್ ಕೇಕು ಎಂದು ಇದನ್ನೇ ಕರೆಯುತ್ತಾರೆ. ಮದ್ಯದ ವಿಷಯದಲ್ಲಿ ಅದು ನಮಗೆ ಮಾದರಿಯಲ್ಲ. ಆದರೆ ಪರದೇಶದ ಸಿಹಿ ನಮ್ಮ ಕಡೆ ಕಾಲಿಟ್ಟ ಮೊದಲ ದಿನವೇ ಅದರ ಸಾಮಗ್ರಿ ಬದಲಾಗಿತ್ತು ಎಂಬುದು ನೆನಪಿಡುವ ಸಂಗತಿ. ಬದಲಿಸುವ ಹಕ್ಕು ಮಾಡುವವರ ಕೈಯಲ್ಲಿ ಯಾವತ್ತೂ ಇತ್ತು.

ಎರಡನೇ ಕೊಂಡಿ ಚಾಕ್ಲೇಟಿನದ್ದು. 1965ರಲ್ಲಿ ಕ್ಯಾಡ್ಬರಿ ಕಂಪನಿ ವಯನಾಡಿನಲ್ಲಿ ಕೋಕೋ ಬೆಳೆಸುವ ಕೆಲಸ ಶುರುಮಾಡಿತು. ಅಡಿಕೆ, ತೆಂಗಿನ ತೋಟದ ನೆರಳು ಕೋಕೋ ಗಿಡಕ್ಕೆ ಹಿಡಿಸಿತು. ಕಾಸರಗೋಡಿನ ಸಿಪಿಸಿಆರ್‌ಐ ಮತ್ತು ಅದರ ವಿಟ್ಲದ ಕೇಂದ್ರದಲ್ಲಿ ಈ ಬೆಳೆಯ ಸಂಶೋಧನೆ ನಡೆಯಿತು. ಕಾಸರಗೋಡು, ಪುತ್ತೂರು, ಸುಳ್ಯದ ತೋಟಗಳಲ್ಲಿ ಕೊಕ್ಕೋ ಹಬ್ಬಿತು. ನಮ್ಮಲ್ಲಿ ಅದರ ಹೆಸರು ಕೊಕ್ಕೋ ಎಂದೇ. ಹಳದಿಯಾದ ಕಾಯಿಯನ್ನು ಕಲ್ಲಿಗೆ ಹೊಡೆದು ಒಡೆದು ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪದ ಮಕ್ಕಳು ನಮ್ಮ ಕಾಲದಲ್ಲಿ ಕಡಿಮೆ. ಚೀಪಿ ಬೀಜವನ್ನು ಮಾತ್ರ ವಾಪಸು ಬುಟ್ಟಿಗೆ ಹಾಕಬೇಕಿತ್ತು, ಅದಕ್ಕೇ ಹಣ. ಆ ಬೀಜದಿಂದಲೇ ಚಾಕ್ಲೇಟ್ ಆಗುವುದೆಂದು ಗೊತ್ತಿತ್ತು, ಆದರೆ ಆ ಚಾಕ್ಲೇಟ್ ಕೈಗೆ ಸಿಗುತ್ತಿದ್ದದ್ದು ಯಾರಾದರೂ ಗಲ್ಫಿನಿಂದ ಬಂದಾಗ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೊಕ್ಕೋ ಕೊಳ್ಳುವವರು ಹಿಂದೆ ಸರಿದು ಬೆಲೆ ಕುಸಿಯಿತು. ಎಷ್ಟೋ ಮಂದಿ ಗಿಡ ಕಡಿದರು. ಆಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1973ರಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಸಂಸ್ಥೆ ಅದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆಯೂ ಗಡಿಯ ಆಚೀಚೆಯ ತೋಟಗಳನ್ನು ಒಂದೇ ಲೆಕ್ಕದಲ್ಲಿ ಇಟ್ಟ ಕೆಲವೇ ಸಂಗತಿಗಳಲ್ಲಿ ಇದೂ ಒಂದು. 1986ರಲ್ಲಿ ಕ್ಯಾಂಪ್ಕೊ ಪುತ್ತೂರಿನಲ್ಲಿ ಚಾಕ್ಲೇಟ್ ಕಾರ್ಖಾನೆ ಆರಂಭಿಸಿತು. ನಮ್ಮ ಬೀಜ ನಮ್ಮ ಕಡೆಯೇ ಚಾಕ್ಲೇಟ್ ಆಗುವುದು ಅಂದಿನಿಂದ ಸಾಧ್ಯವಾಯಿತು. ಹಾಗಾಗಿ ಟ್ರಫಲ್ ಉಂಡೆಯ ಮೇಲಿನ ಕಪ್ಪು ಹೊದಿಕೆ ನಮಗೆ ಪರಕೀಯವೇನಲ್ಲ.

ಒಳಗೆ ಎಂತ ಉಂಟು?

ಉಮ್ಮನ ಎರಡನೇ ಪ್ರಶ್ನೆಗೆ ಈಗ ಬರೋಣ. ಮನೆಯಲ್ಲೇ ಕಲಸಿದ್ದಕ್ಕೆ ಈ ಪ್ರಶ್ನೆ ಏಳುವುದಿಲ್ಲ. ಕಾರ್ಖಾನೆಯ ಕೇಕಿನಲ್ಲಿ ನಮ್ಮ ಪರವಾಗಿ ಬೇರೆ ಯಾರೋ ಕಲಸಿರುತ್ತಾರೆ. ಆದ್ದರಿಂದ ಪ್ಯಾಕೆಟಿನ ಹಿಂದಿನ ಸಣ್ಣ ಅಕ್ಷರ ಓದುವುದೂ ಈ ಅಡುಗೆಯ ಭಾಗ.

ಭಾರತದ ಪ್ಯಾಕೆಟಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಹಾಲು, ಜೇನಿನಂಥ ಕೆಲವನ್ನು ಬಿಟ್ಟು ಪ್ರಾಣಿಯಿಂದ ಬಂದ ಬೇರೇನೂ ಇಲ್ಲ ಎಂದು ಅದರ ಅರ್ಥ. ಮೊಟ್ಟೆ ಇದ್ದರೂ ಸಾಕು, ಮಾಂಸಾಹಾರದ ಕಂದು ಗುರುತು ಬರುತ್ತದೆ. ಆದ್ದರಿಂದ ಕಂದು ಗುರುತು ಕಂಡ ಕೂಡಲೇ ಹರಾಮ್ ಎಂದು ಗಾಬರಿಯಾಗಬೇಕಿಲ್ಲ, ಹೆಚ್ಚಾಗಿ ಅದು ಮೊಟ್ಟೆಯದ್ದಿರಬಹುದು. ಹಾಗೆಯೇ ಹಸಿರು ಚುಕ್ಕೆ ಕಂಡ ಕೂಡಲೇ ನಿಶ್ಚಿಂತೆಯೂ ಸಲ್ಲದು, ಯಾಕೆಂದರೆ ಮದ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪರದೇಶದಿಂದ ಬಂದ ಕೇಕಾದರೆ ಇನ್ನೂ ಹೆಚ್ಚು ನೋಡಬೇಕು. ಅಮೆರಿಕದ ಟ್ವಿಂಕಿಯ ಸಾಮಗ್ರಿಯಲ್ಲಿ ದನದ ಕೊಬ್ಬು ಇದ್ದ ಕಾಲ ಇತ್ತು. ಮಾರ್ಷ್‌ಮೆಲ್ಲೊ ಇದ್ದರೆ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಅದು ಯಾವ ಪ್ರಾಣಿಯದ್ದು ಎಂಬುದು ಪ್ರಶ್ನೆ. ಇ471 ಎಂಬುದು ಕೊಬ್ಬಿನಿಂದ ತೆಗೆದ ವಸ್ತು, ಸಸ್ಯದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಕೊಬ್ಬಿನಿಂದಲೂ ಆಗಬಹುದು. ಇ120 ಒಂದು ಬಗೆಯ ಕೀಟದಿಂದ ತೆಗೆದ ಕೆಂಪು ಬಣ್ಣ. ಅಮೆರಿಕದಲ್ಲಿ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಎಂದು ಮಾರಬೇಕಾದರೆ ಅದರಲ್ಲಿ ಕನಿಷ್ಠ 35 ಶೇಕಡಾ ಆಲ್ಕೋಹಾಲ್ ಇರಬೇಕೆಂದು ನಿಯಮವೇ ಇದೆ. ಇವುಗಳಲ್ಲಿ ಯಾವುದು ಸರಿ, ಯಾವುದು ಅಲ್ಲ ಎಂದು ಹೇಳುವುದು ನನ್ನ ಕೆಲಸವಲ್ಲ, ಅದಕ್ಕೆ ಉಸ್ತಾದರಿದ್ದಾರೆ. ಆದರೆ ಅವರನ್ನು ಕೇಳಬೇಕಾದರೂ ಒಳಗೆ ಏನಿದೆಯೆಂದು ನಾವು ಮೊದಲು ಓದಿರಬೇಕಲ್ಲ. ಒಂದೇ ಹೆಸರಿನ ಕೇಕು ಇಲ್ಲಿ ಒಂದು ರೀತಿ, ಪರದೇಶದಲ್ಲಿ ಇನ್ನೊಂದು ರೀತಿ ಇರಬಹುದು. ಹಲಾಲ್ ಮುದ್ರೆ ಇದ್ದರೆ ಕೆಲಸ ಸುಲಭ. ಇಲ್ಲವಾದರೆ ಊರಿನ ಬೇಕರಿಯ ಸಾದಾ ಸ್ಪಂಜ್ ಕೇಕೇ ಒಳ್ಳೆಯದು. ಮಾಡುವವರನ್ನೇ ಮುಖ ನೋಡಿ ಕೇಳಬಹುದು.

ಮಾಡುವ ಬಗೆ

ಅರ್ಧ ಕಿಲೋ ಕೇಕು ತೆಗೆದುಕೊಳ್ಳಿ. ಕ್ರೀಮ್ ತುಂಬಿದ್ದಾದರೆ ಬೇರೇನೂ ಬೇಡ, ಕ್ರೀಮ್ ಸಹಿತ ಕೈಯಿಂದ ನಾದಿ. ಸಾದಾ ಕೇಕಾದರೆ ಚೆನ್ನಾಗಿ ಪುಡಿ ಮಾಡಿ ಕಂಡೆನ್ಸ್ಡ್ ಮಿಲ್ಕನ್ನು ಒಂದೊಂದೇ ದೊಡ್ಡ ಚಮಚದಂತೆ ಸೇರಿಸಿ. ಮೂರು ನಾಲ್ಕು ಚಮಚಕ್ಕೆ ಸಾಕಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಕೈಗೆ ಎಣ್ಣೆ ಇಳಿಯಬಾರದು. ಒಣಗಿದ ಹಳೆಯ ಕೇಕಾದರೆ ಎರಡು ಚಮಚ ಕಿತ್ತಳೆ ರಸ, ಒಂದು ಚಿಟಿಕೆ ಏಲಕ್ಕಿ ಹಾಕಿ. ನೆಲ್ಲಿಕಾಯಿ ಗಾತ್ರದ 25ರಿಂದ 30 ಉಂಡೆ ಆಗುತ್ತದೆ. ಬಟರ್ ಪೇಪರ್ ಮೇಲಿಟ್ಟು ಅರ್ಧ ಗಂಟೆ ಫ್ರಿಡ್ಜಿನಲ್ಲಿಡಿ.

250ರಿಂದ 300 ಗ್ರಾಂ ಚಾಕ್ಲೇಟನ್ನು ಚೂರು ಮಾಡಿ. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಒಣ ಪಾತ್ರೆಯಿಟ್ಟು ನಿಧಾನಕ್ಕೆ ಕರಗಿಸಿ. ಒಂದು ಹನಿ ನೀರು ಬಿದ್ದರೂ ಚಾಕ್ಲೇಟ್ ಗಂಟುಗಟ್ಟುತ್ತದೆ, ಜಾಗ್ರತೆ. ಶುದ್ಧ ಚಾಕ್ಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ಅದೂ ಸರಿಯಾದ ಹದದಲ್ಲಿ ಕರಗಿಸಿ ತಣಿಸದಿದ್ದರೆ ಬಿಳಿ ಗೆರೆ ಮೂಡುತ್ತದೆ. ಬೇರೆ ಸಸ್ಯ ಕೊಬ್ಬಿನಿಂದ ಮಾಡಿದ ಕಾಂಪೌಂಡ್ ಚಾಕ್ಲೇಟಿಗೆ ಈ ತಕರಾರು ಇಲ್ಲ, ನಮ್ಮ ಸೆಕೆಗೆ ಅದೇ ಸುಲಭ. ರುಚಿಗೆ ಶುದ್ಧದ್ದೇ ಮೇಲು. ಉಂಡೆಯನ್ನು ಮುಳ್ಳುಚಮಚದ ಮೇಲಿಟ್ಟು ಅದ್ದಿ, ತಟ್ಟಿ, ಪೇಪರಿಗೆ ಜಾರಿಸಿ. ಮೇಲೆ ಗೋಡಂಬಿ ಪುಡಿಯೋ ಕೊಬ್ಬರಿ ತುರಿಯೋ ಉದುರಿಸಿ. ಮುಚ್ಚಳ ಇರುವ ಡಬ್ಬಿಯಲ್ಲೇ ಫ್ರಿಡ್ಜಿಗಿಡಿ, ಇಲ್ಲವಾದರೆ ಹೊರಗೆ ತೆಗೆದಾಗ ಬೆವರುತ್ತದೆ. ರಮ್ ಇಲ್ಲದ್ದರಿಂದ ಇದು ಹೆಚ್ಚು ದಿನ ಇಡುವ ವಸ್ತುವಲ್ಲ. ನಾಲ್ಕೈದು ದಿನದೊಳಗೆ ಮುಗಿಸಿ.

ಬಟ್ಟಲು ಮರಳಿದ್ದು

ಮೊದಲ ಪ್ರಶ್ನೆ ಹಾಗೆಯೇ ಉಳಿದಿತ್ತು. ಮನೆಯದ್ದೋ, ಅಂಗಡಿಯದ್ದೋ? ಉಮ್ಮನ ಕಾಲದಲ್ಲಿ ಪತ್ತಿರ್ ಮಾಡಬೇಕಾದರೆ ಅಕ್ಕಿ ನೆನೆಸಿ, ಕುಟ್ಟಿ, ಜರಡಿ ಹಿಡಿಯುವಲ್ಲಿಂದ ಕೆಲಸ ಶುರುವಾಗುತ್ತಿತ್ತು. ಈಗ ಅಕ್ಕಿ ಹಿಟ್ಟು ಪ್ಯಾಕೆಟಿನಲ್ಲಿ ಬರುತ್ತದೆ. ಹಾಗೆಂದು ಅದರಿಂದ ಮಾಡಿದ ಪತ್ತಿರನ್ನು ಯಾರೂ ಅಂಗಡಿಯದ್ದು ಎನ್ನುವುದಿಲ್ಲ. ಕೈಯ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬ ಗೆರೆ ಪ್ರತಿ ತಲೆಮಾರಿನಲ್ಲೂ ಸ್ವಲ್ಪ ಈಚೆಗೆ ಸರಿಯುತ್ತಲೇ ಬಂದಿದೆ. ಅದರಿಂದ ಹೆಂಗಸರ ಬೆನ್ನು ಎಷ್ಟೋ ಉಳಿದಿದೆ ಎಂಬುದನ್ನು ಮರೆಯಬಾರದು. ಒಳಗೆ ಏನಿದೆ ಎಂದು ಕೇಳುವ ಅಭ್ಯಾಸ ಮಾತ್ರ ಆ ಗೆರೆಯೊಂದಿಗೆ ಸರಿದುಹೋಗದಿದ್ದರೆ ಸಾಕು.

ಮರುದಿನ ಮಗಳು ಬಟ್ಟಲನ್ನು ತೊಳೆದು ಒರೆಸಿ, ಹದಿನೈದು ಉಂಡೆ ಜೋಡಿಸಿ, ಅದೇ ಬಿಳಿ ಬಟ್ಟೆ ಮುಚ್ಚಿ ತೆಗೆದುಕೊಂಡು ಹೋದಳು. ಉಮ್ಮನೂ ಬೇಲಿಯವರೆಗೆ ಹೋದರು. ಬಾಯಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು, "ಒಳ್ಳೆದುಂಟು ಮಾರಾಯ್ತಿ, ಯಾವ ಬೇಕರಿಯದ್ದು?" ಎಂದರು.

ಮಗಳು ಬಾಯಿ ತೆರೆಯುವ ಮೊದಲೇ ಉಮ್ಮ ಹೇಳಿದರು: "ಬೇಕರಿಯದ್ದಲ್ಲ, ನಮ್ಮ ಮನೆಯದ್ದೇ. ಮೊಮ್ಮಗಳು ಮಾಡಿದ್ದು."